ಬೋಟ್ ಎಂಜಿನ್: ನೀರಿನ ಪ್ರೆಶರ್ ಅರ್ಧಕ್ಕ ಇಳದೈತಿ, ಎಂಜಿನ್ ಮಾತ್ರ ಬಿಸಿ ಆಗವಲ್ದು. ಓಡಸ್ಬಹುದಾ?

ಹಿನ್ನೀರು_ಬಾಗಲಕೋಟಿ
ನಮಸ್ಕಾರ್ರೀ ಎಲ್ಲಾರಿಗೂ. ಆಲಮಟ್ಟಿ ಹಿನ್ನೀರಿನ್ಯಾಗ ಓಡೋ ಬೋಟು, 60 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂದ ಹೊರಗ ಕೂಡಿಸೋ ಎಂಜಿನ್). ಬ್ಲಾಕ್‌ನಿಂದ ನಳಿಗಿ ತಂದು, ಎಂಜಿನ್ ತಂಪು ಮಾಡೋ ನೀರಿನ ಪ್ರೆಶರ್ ಗೇಜ್ ಕೂಡಿಸೈತಿ. ಮೊದಲ ಐಡಲ್‌ಗೆ 2-3 ಪಿಎಸ್‌ಐ, 5000 ಆರ್‌ಪಿಎಂಗೆ 15 ತೋರಸ್ತಿತ್ತು. ಈಗ ಐಡಲ್‌ಗೆ ಮುಳ್ಳು ಸೊನ್ನಿ ಬಿಟ್ಟು ಏಳೂದಿಲ್ಲ, 5000ಕ್ಕ 8 ದಾಟೂದಿಲ್ಲ. ಪಕ್ಕದ ತೂತಿನಿಂದ ಚಿಮ್ಮೋ ಟೆಲ್‌ಟೇಲ್ ನೀರು ಬರಾಕತ್ತೈತಿ, ಅಲಾರ್ಮ್ ಹೊಡದಿಲ್ಲ. ಫುಲ್ ಸ್ಪೀಡ್‌ನ್ಯಾಗ ಥರ್ಮೋಸ್ಟಾಟ್ (ಬಿಸಿಗೆ ತೆರಿಯೋ ನೀರಿನ ವಾಲ್ವ್) ಹತ್ರ ಇನ್‌ಫ್ರಾರೆಡ್ ಗನ್ ಹಿಡದ್ರ 44 ಡಿಗ್ರಿ. ಥರ್ಮೋಸ್ಟಾಟ್ ಮ್ಯಾಲ 60 ಅಂತ ಹೊಡದಾರ. ಬಿಸಿನ ಆಗದಿದ್ರ ಪ್ರೆಶರ್ ಕಡಿಮಿ ಆದ್ರೇನ್ರೀ, ಹಂಗ ಓಡಸ್ಬಹುದಾ?

ಘಟಪ್ರಭಾ_ಮೋಟರ್
ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ಚಕ್ರ) ಬದಲ್ಸ್ರಿ. ಮುಗೀತು.

ಪಾನಾ_ಪೆಟಗಿ_ವಿಜಯಪುರ
44 ಡಿಗ್ರಿ ಅಂದ್ರ ಥರ್ಮೋಸ್ಟಾಟ್ ತೆರದಲ್ಲೇ ಸಿಕ್ಕೊಂಡದ. 60ರದ್ದು 44ಕ್ಕ ಓಡಬಾರದು. ಬಾಯಿ ಸದಾ ತೆರದಿದ್ರ ನೀರಿಗಿ ತಡಿ ಇರೂದಿಲ್ಲ, ಪ್ರೆಶರ್ ಏಳೂದಿಲ್ಲ. ಇಂಪೆಲ್ಲರ್‌ಗಿಂತ ಮೊದಲ ಅದನ್ನ ಬಿಚ್ಚಿ ನೋಡ್ರಿ, ಎರಡ ಬೋಲ್ಟಿನ ಕೆಲಸ.

ರಕ್ಷಣಾ_ಬೋಟ್
ಪಾನಾ ಪೆಟಗಿಯವರೇ, ಫುಲ್ ಸ್ಪೀಡ್‌ನ 44 ಡಿಗ್ರಿಯಿಂದ ಯಾವ ತೀರ್ಮಾನಕ್ಕೂ ಬರೋಕೆ ಆಗಲ್ಲ. ಈ ಅಳತೆಯ ಬಹಳಷ್ಟು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಜೊತೆಗೆ ಸ್ಪ್ರಿಂಗ್ ಇರೋ ಇನ್ನೊಂದು ವಾಲ್ವ್ ಇರುತ್ತೆ, ಪಾಪೆಟ್ ಅಂತಾರೆ. ಅದು ಶಾಖಕ್ಕಲ್ಲ, ಒತ್ತಡಕ್ಕೆ ತೆರೆದುಕೊಳ್ಳುತ್ತೆ. ಆರ್‌ಪಿಎಂ ಏರಿದಾಗ ಪಂಪಿನ ಒತ್ತಡವೇ ಅದನ್ನು ತಳ್ಳಿ, ಥರ್ಮೋಸ್ಟಾಟ್ ದಾಟಿಸಿ ನೀರನ್ನು ಬೇರೆ ದಾರಿಯಲ್ಲಿ ಹರಿಸುತ್ತೆ. ಹಾಗಾಗಿ ಆರೋಗ್ಯವಾಗಿರೋ ಎಂಜಿನ್ ಕೂಡ ಫುಲ್ ಸ್ಪೀಡ್‌ನಲ್ಲಿ ಥರ್ಮೋಸ್ಟಾಟ್ ಅಂಕಿಗಿಂತ ತಣ್ಣಗೆ ಓಡಬಹುದು. ಹಿನ್ನೀರಿನ ನೀರೇ 28-30 ಡಿಗ್ರಿ ಇದ್ದರೆ 44 ಏನೂ ವಿಚಿತ್ರ ಅಲ್ಲ.

ಸರಿಯಾದ ಪರೀಕ್ಷೆ ನಿಧಾನದಲ್ಲಿ. ಬೋಟನ್ನು ನೀರಲ್ಲೇ ಇಟ್ಟು 1000 ಆರ್‌ಪಿಎಂಗೆ 10 ನಿಮಿಷ ಓಡಿಸಿ, ಆಮೇಲೆ ಅಳೆಯಿರಿ. ಆಗ ಪಾಪೆಟ್ ಮುಚ್ಚಿರಬೇಕು, ಶಾಖ ಹಿಡಿಯೋದು ಥರ್ಮೋಸ್ಟಾಟ್ ಒಂದೇ. 58-62 ಬಂದರೆ ಎರಡೂ ಸರಿ ಇವೆ, ತಪ್ಪು ಪಂಪಿನ ಕಡೆ. ಆಗಲೂ 45ರ ಆಸುಪಾಸೇ ನಿಂತರೆ ಎರಡರಲ್ಲಿ ಒಂದು ತೆರೆದೇ ಉಳಿದಿದೆ.

ಪಾನಾ_ಪೆಟಗಿ_ವಿಜಯಪುರ
ಖರೆ ಅದರಿ. ಪಾಪೆಟ್ ಇದ್ದ ಎಂಜಿನ್‌ಗೆ ನಿಮ್ಮ ಮಾತು ಸರಿ. ಒಂದು ಸೇರಸ್ತೀನಿ: ಹೊಳೆಯೋ ಅಲ್ಯೂಮಿನಿಯಂ ಮ್ಯಾಲ ಗನ್ ಹಿಡದ್ರ ತಪ್ಪು ಅಂಕಿ ಬರ್ತದ, ಸಾಮಾನ್ಯವಾಗಿ ಕಡಿಮಿನ ತೋರಸ್ತದ. ಥರ್ಮೋಸ್ಟಾಟ್ ಕವರ್ ಪಕ್ಕಕ್ಕ ರೂಪಾಯಿ ಅಗಲ ಕರಿ ಮ್ಯಾಟ್ ಬಣ್ಣ ಹಚ್ಚಿ, ಅಲ್ಲಿಗೇ ಹತ್ರ ಹಿಡದು ಅಳೀರಿ. ಪ್ರತಿ ಸಲ ಅದ ಜಾಗ.

ಕೃಷ್ಣಾ_ತೀರ
ಇಷ್ಟೆಲ್ಲಾ ಯಾಕ್ರೀ. ನಮ್ಮದು ಬಿಸಿಲ ನಾಡು. ಥರ್ಮೋಸ್ಟಾಟ್ ತಗದ ಒಗೀರಿ, ಎಂಜಿನ್ ತಂಪ ಇರತೈತಿ. ಬಿಸಿ ಆಗೋ ಚಿಂತಿನ ಇಲ್ಲ.

ರಕ್ಷಣಾ_ಬೋಟ್
ದಯವಿಟ್ಟು ಬೇಡ. ಈ ಸಲಹೆ ಎಲ್ಲ ಕಡೆ ಓಡಾಡ್ತಿದೆ, ಅದಕ್ಕೇ ಉದ್ದ ಬರೀತೀನಿ.

ಎಂಜಿನ್‌ಗೆ ಅತಿ ಬಿಸಿ ಮಾತ್ರ ಅಲ್ಲ, ಅತಿ ತಂಪೂ ಕೆಟ್ಟದ್ದು. ಫೋರ್ ಸ್ಟ್ರೋಕ್ ತಣ್ಣಗೆ ಓಡಿದರೆ ಪೆಟ್ರೋಲ್ ಪೂರ್ತಿ ಆವಿಯಾಗದೆ ಸಿಲಿಂಡರ್ ಗೋಡೆಗೆ ಅಂಟಿ, ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮಟ್ಟ ಹಾಕಿದ್ದಕ್ಕಿಂತ ಮೇಲೆ ಬಂದಿರುತ್ತೆ, ಮೂಸಿದರೆ ಪೆಟ್ರೋಲ್ ವಾಸನೆ. ತೆಳುವಾದ ಆಯಿಲ್ ಬೇರಿಂಗ್ ಕಾಪಾಡಲ್ಲ. ಪ್ಲಗ್ ಕರಿ ಹಿಡಿಯುತ್ತೆ, ಐಡಲ್ ನಡುಗುತ್ತೆ.

ಇನ್ನೊಂದು, ಥರ್ಮೋಸ್ಟಾಟ್ ನೀರನ್ನು ತಡೆದು ನಿಲ್ಲಿಸೋದರಿಂದಲೇ ಬ್ಲಾಕ್ ಮೇಲಿನ ತನಕ ತುಂಬಿ, ಎಲ್ಲ ಸಿಲಿಂಡರ್ ಸುತ್ತ ನೀರು ಹರಡುತ್ತೆ. ತೆಗೆದುಬಿಟ್ಟರೆ ನೀರು ಸುಲಭದ ದಾರಿ ಹಿಡಿದು ಹೊರಗೆ ಓಡುತ್ತೆ. ಕಡಿಮೆ ಆರ್‌ಪಿಎಂನಲ್ಲಿ ಮೇಲಿನ ಸಿಲಿಂಡರ್ ಹತ್ತಿರ ಗಾಳಿ ಉಳಿದು ಅಲ್ಲಿ ಮಾತ್ರ ಕಾಯಬಹುದು. ತಂಪಾಗಲಿ ಅಂತ ಮಾಡಿದ್ದು ಒಂದು ಮೂಲೆ ಸುಡೋ ಹಾಗೆ ಮಾಡುತ್ತೆ.

ಕೃಷ್ಣಾ_ತೀರ
ಆದ್ರ ಟೂ ಸ್ಟ್ರೋಕ್‌ನ್ಯಾಗ ಆಯಿಲ್ ಸಂಪ್ ಇಲ್ಲಲ್ರೀ. ಅದಕ್ಕ ಏನ್ ತ್ರಾಸ?

ಪಾನಾ_ಪೆಟಗಿ_ವಿಜಯಪುರ
ಸಂಪ್ ಇಲ್ಲ, ಖರೆ. ಆದ್ರ ಪಿಸ್ಟನ್ ಬಿಸಿ ಆಗಿ ಹಿಗ್ಗತದ, ಸಿಲಿಂಡರ್ ತಣ್ಣಗ ಸಣ್ಣದಾಗೇ ಉಳೀತದ. ನಡುವಿನ ಸಂದು ಕಡಿಮಿ ಆಗಿ ಪಿಸ್ಟನ್ ಪಕ್ಕಕ್ಕ ಗೀರು ಬೀಳ್ತಾವ. ತಣ್ಣಗಿನ ಎಂಜಿನ್‌ಗೆ ಒಮ್ಮೆಲೆ ಫುಲ್ ಥ್ರಾಟಲ್ ಕೊಟ್ಟಾಗ ಆಗೂದು ಇದ. ಥರ್ಮೋಸ್ಟಾಟ್ ಇರ್ಲಿ ರೀ, ಎರಡಕ್ಕೂ.

ಥರ್ಮೋಸ್ಟಾಟ್ ಮ್ಯಾಲ ಸಂಶಯ ಇದ್ರ ಪರೀಕ್ಷಾ ಸರಳ ಅದ. ಬೋಗುಣಿ ನೀರಾಗ ದಾರ ಕಟ್ಟಿ ಇಳಿಬಿಡ್ರಿ, ತಳಕ್ಕ ತಾಗಬಾರದು. ದಾರವನ್ನ ವಾಲ್ವಿನ ಬಾಯಿ ಒಳಗ ಸಿಗಿಸಿ ತೂಗುಬಿಟ್ರ ಇನ್ನೂ ಛಲೋ: ಬಾಯಿ ತೆರದ ಕೂಡ್ಲೆ ದಾರ ಬಿಟ್ಟು ಕೆಳಗ ಬೀಳ್ತದ. ಆ ಹೊತ್ತಿಗಿ ಥರ್ಮಾಮೀಟರ್ ಎಷ್ಟದ ನೋಡ್ರಿ. ಹೊಡದ ಅಂಕಿಗಿ ಎರಡು ಮೂರು ಡಿಗ್ರಿ ಆಚೆ ಈಚೆ ಪರವಾಗಿಲ್ಲ. ನೀರು ಆರಿದ ಮ್ಯಾಲ ಪೂರಾ ಮುಚ್ಚತದೋ ಇಲ್ಲೋ ಅದನ್ನೂ ನೋಡ್ರಿ. ನಮ್ಮ ಕಡೆ ಕೆಡೂದು ಮುಚ್ಚೋದ್ರಾಗ, ನಡುವ ರೇವೆ ಸಿಕ್ಕೊಂಡು.

ಡ್ರಿಪ್_ಮುಧೋಳ
ಬೋಟಿನ ವಿಷಯ ನನಗ ಅಷ್ಟು ಗೊತ್ತಿಲ್ರೀ, ಆದ್ರ ಪ್ರೆಶರ್ ಕಡಿಮಿ ಅಂದ್ರ ನೀರು ಕಡಿಮಿ ಅಂತನ ಅರ್ಥ ಅಲ್ಲೇನು?

ರಕ್ಷಣಾ_ಬೋಟ್
ಅಲ್ಲ. ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಒತ್ತಡ ಅಂದರೆ ಹರಿವು ಮತ್ತು ತಡೆ, ಎರಡೂ ಸೇರಿದ್ದು. ನಿಮ್ಮ ಕಬ್ಬಿನ ಡ್ರಿಪ್ಪಿನ ಫಿಲ್ಟರ್ ನೆನಪು ಮಾಡಿಕೊಳ್ಳಿ: ಫಿಲ್ಟರ್ ಕಟ್ಟಿದಾಗ ಅದರ ಮುಂಚಿನ ಗೇಜ್ ಏರುತ್ತೆ, ಹೊಲಕ್ಕೆ ಹೋಗೋ ನೀರು ಇಳಿಯುತ್ತೆ. ಎಂಜಿನ್‌ನಲ್ಲೂ ಹಾಗೇ, ಗೇಜಿನ ನಳಿಕೆ ಎಲ್ಲಿಂದ ತೆಗೆದಿದ್ದಾರೆ ಅನ್ನೋದರ ಮೇಲೆ ಅರ್ಥ ಬದಲಾಗುತ್ತೆ. ನಳಿಕೆಯಿಂದ ಮುಂದೆ ಕಟ್ಟಿದರೆ ಒತ್ತಡ ಜಾಸ್ತಿ, ಹರಿವು ಕಡಿಮೆ. ಹಿಂದೆ, ಅಂದರೆ ಪಂಪ್ ಅಥವಾ ನೀರೆಳೆಯೋ ಜಾಲರಿ ಕಡೆ ತೊಂದರೆಯಾದರೆ ಎರಡೂ ಕಡಿಮೆ.

ಅದಕ್ಕೆ ಎರಡು ಅಂಕಿಯನ್ನು ಜೊತೆಗೇ ಓದಬೇಕು. ಒತ್ತಡ ಕಡಿಮೆ, ಶಾಖ ಜಾಸ್ತಿ: ಪಂಪ್ ಸತ್ತಿದೆ, ಇಲ್ಲ ಜಾಲರಿಗೆ ಕಳೆ ಅಥವಾ ಪ್ಲಾಸ್ಟಿಕ್ ಅಂಟಿದೆ. ಒತ್ತಡ ಜಾಸ್ತಿ, ಶಾಖವೂ ಜಾಸ್ತಿ: ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿದೆ, ಇಲ್ಲ ಬ್ಲಾಕಿನ ದಾರಿಯಲ್ಲಿ ಕೆಸರು. ಒತ್ತಡ ಕಡಿಮೆ, ನಿಧಾನದಲ್ಲೂ ತಣ್ಣಗೆ: ಯಾವುದೋ ವಾಲ್ವ್ ತೆರೆದು ಉಳಿದಿದೆ. ಒತ್ತಡ ಕಡಿಮೆ, ನಿಧಾನದಲ್ಲಿ ಶಾಖ ಸರಿ: ಪಂಪ್ ಸವೆಯೋಕೆ ಶುರುವಾಗಿದೆ, ಥರ್ಮೋಸ್ಟಾಟ್ ಇನ್ನೂ ಹೆಚ್ಚು ಬಾಯಿ ತೆರೆದು ಸರಿದೂಗಿಸ್ತಿದೆ. ಈ ಕೊನೆಯದು ಮೋಸದ್ದು. ಬಾಯಿ ಪೂರ್ತಿ ತೆರೆದು ಮುಗಿದ ದಿನ ಶಾಖ ಒಮ್ಮೆಲೇ ಏರುತ್ತೆ.

ಡ್ರಿಪ್_ಮುಧೋಳ
ಈಗ ತಿಳೀತ್ರೀ ಸರ.

ಘಟಪ್ರಭಾ_ಮೋಟರ್
ಗೇಜ್ ನಳಿಗಿನ ಕಟ್ಟಿರಬಹುದಲ್ರೀ? ಅದನ್ನ ಯಾರೂ ಹೇಳವಲ್ರು. ಸಣ್ಣ ನಳಿಗಿ, ಅದರಾಗ ನೀರು ಹರಿಯೂದಿಲ್ಲ, ನಿಂತ ನೀರಿನ್ಯಾಗ ರೇವೆ ಕೂಡತೈತಿ. ಗೇಜ್ ಕಡೆ ಬಿಚ್ಚಿ ಎಂಜಿನ್ ಕಡಿಗಿ ಊದ್ರಿ. ಬಾಯಿಂದ ಊದಿದ್ರ ಸಾಕು, ಕಂಪ್ರೆಸರ್ ಬ್ಯಾಡ.

ಪಾನಾ_ಪೆಟಗಿ_ವಿಜಯಪುರ
ಛಲೋ ಮಾತು. ಕಟ್ಟಿದ ನಳಿಗಿದು ಒಂದು ಗುರುತು: ಮುಳ್ಳು ಸಾವಕಾಶ ಏರ್ತದ, ಎಂಜಿನ್ ಬಂದ್ ಮಾಡಿದ್ರೂ ಸಾವಕಾಶ ಇಳೀತದ. ನಳಿಗಿ ಸಾಫ್ ಇದ್ರ ಥ್ರಾಟಲ್ ಜೋಡಿನ ಕುಣೀತದ.

ಅಂಜಲಿ_ಬೆಳಗಾವಿ
ನನ್ನ ಪ್ರಶ್ನೆ ಸ್ವಲ್ಪ ಬೇರೆ. ಟೆಂಪರೇಚರ್ ಅಲಾರ್ಮ್ ಇರುವಾಗ ಪ್ರೆಶರ್ ಗೇಜ್ ಯಾಕೆ ಬೇಕು? ಕಂಪನಿಯವರು ಎಷ್ಟೋ ಎಂಜಿನ್‌ಗೆ ಕೊಡೋದೇ ಇಲ್ಲ.

ರಕ್ಷಣಾ_ಬೋಟ್
ಅಕ್ಕಾ, ಸಮಯಕ್ಕಾಗಿ. ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿದ ತಕ್ಷಣ ಒತ್ತಡ ಬೀಳುತ್ತೆ. ಶಾಖ ಏರೋದು ಲೋಹ ಕಾದ ಮೇಲೆ. ಇನ್ನೂ ಅಪಾಯದ್ದು: ಬ್ಲಾಕ್ ಖಾಲಿಯಾದರೆ ಸೆನ್ಸರ್ ನೀರಲ್ಲಿ ಮುಳುಗಿರಲ್ಲ, ಗಾಳಿ ಅಥವಾ ಹಬೆಯಲ್ಲಿ ಇರುತ್ತೆ. ಆಗ ಅದು ತಡವಾಗಿ, ಕಡಿಮೆ ತೋರಿಸಬಹುದು. ಬಾಗಲಕೋಟೆಯ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತೆ. ಕಾರಿನ ರೇಡಿಯೇಟರ್ ತರಹ ಒತ್ತಡದ ಮುಚ್ಚಳ ಔಟ್‌ಬೋರ್ಡ್‌ಗೆ ಇಲ್ಲ, ನೀರು ಹೊಳೆಯಿಂದ ಬಂದು ಹೊಳೆಗೇ ಹೋಗುತ್ತೆ, ಹಾಗಾಗಿ ಪಂಪಿನ ಒತ್ತಡ ಬಿದ್ದಾಗ ಕುದಿಯೋ ಬಿಂದು ಏರಿರಲ್ಲ. ಎಕ್ಸಾಸ್ಟ್ ಗೋಡೆ ಹತ್ತಿರ ಮೊದಲು ಹಬೆ ಏಳುತ್ತೆ.

ಮಳೆಗಾಲದಲ್ಲಿ ಕೃಷ್ಣೆ ತುಂಬಿ ಬರುವಾಗ, ಜನರನ್ನು ತುಂಬಿಕೊಂಡ ರಬ್ಬರ್ ಬೋಟು ಪ್ರವಾಹದ ನಡುವೆ ಇರುವಾಗ, ಅಲಾರ್ಮಿಗಿಂತ ಮುಂಚೆ ಸಿಗೋ ಅರ್ಧ ನಿಮಿಷವೂ ದೊಡ್ಡದು.

ಹಿನ್ನೀರು_ಬಾಗಲಕೋಟಿ
ಹೇಳಿದಂಗ ಮಾಡ್ದ್ಯಾ. ಕರಿ ಬಣ್ಣ ಹಚ್ಚಿ, 1000 ಆರ್‌ಪಿಎಂಗೆ 10 ನಿಮಿಷ: 60 ಡಿಗ್ರಿ. ನಳಿಗಿ ಊದಿದ್ರ ಸಾಫ್ ಐತಿ, ಮುಳ್ಳು ಥ್ರಾಟಲ್ ಜೋಡಿನ ಹೊಂಡತೈತಿ. ಅಂಕಿ ಮಾತ್ರ ಹಂಗ, 8.

ರಕ್ಷಣಾ_ಬೋಟ್
ಹಾಗಾದರೆ ಪಂಪ್ ಕಡೆ. ಬಿಚ್ಚೋ ಮುಂಚೆ ಎರಡು ನೋಡಿ: ಜಾಲರಿಯಲ್ಲಿ ಅಂತರಗಂಗೆ ಬೇರು, ನೈಲಾನ್ ಬಲೆಯ ಎಳೆ ಇದೆಯಾ. ಎಂಜಿನ್ ಎತ್ತರ ಸರಿ ಇದೆಯಾ. ಪ್ರೊಪೆಲ್ಲರ್ ಮೇಲಿನ ಅಡ್ಡ ಪಟ್ಟಿ ಬೋಟಿನ ತಳಕ್ಕೆ ಸಮ, ಅಥವಾ 25 ಮಿ.ಮೀ. ಒಳಗೆ ಕೆಳಗಿರಬೇಕು. ಮೇಲೆ ಇದ್ದರೆ, ಇಲ್ಲ ಟ್ರಿಮ್ (ಎಂಜಿನ್ ವಾಲಿಸೋ ಕೋನ) ಜಾಸ್ತಿ ಎತ್ತಿದ್ದರೆ, ತಿರುವಿನಲ್ಲಿ ಜಾಲರಿ ಗಾಳಿ ಎಳೆಯುತ್ತೆ. ಆದರೆ ಆಗ ಮುಳ್ಳು ಜಿಗಿಯುತ್ತೆ, ಒಂದೇ ಕಡೆ ನಿಲ್ಲಲ್ಲ. ನಿಮ್ಮದು ನಿಂತಿದೆ, ಅದಕ್ಕೆ ಇಂಪೆಲ್ಲರ್ ಮೇಲೆ ನನ್ನ ಅನುಮಾನ.

ಘಟಪ್ರಭಾ_ಮೋಟರ್
ಮೊದಲ ದಿನಾನ ಹೇಳಿದ್ನೆಲ್ರೀ ಇಂಪೆಲ್ಲರ್ ಅಂತ.

ಪಾನಾ_ಪೆಟಗಿ_ವಿಜಯಪುರ
ಹೇಳಿದ್ರಿ ಸಾಹೇಬ್ರ, ಆದ್ರ ಕಾರಣ ತಿಳೀದ ಬಿಚ್ಚಿದ್ರ ಮುಂದಿನ ಸಲ ಥರ್ಮೋಸ್ಟಾಟ್ ಕೆಟ್ಟಾಗೂ ಇಂಪೆಲ್ಲರ್ರ ಬದಲ್ಸಿ ಕೂಡ್ತಾರ.

ಬಿಚ್ಚೋ ಕ್ರಮ ಬರೀತೀನಿ, ಇದರಾಗ ತಪ್ಪು ಭಾಳ ಆಗ್ತಾವ. ಬ್ಯಾಟ್ರಿ ನೆಗೆಟಿವ್ ತಗೀರಿ, ಕಿಲ್ ಸ್ವಿಚ್ ಹಗ್ಗ ತಗೀರಿ, ಪ್ಲಗ್ ವಾಯರ್ ಬಿಡಸ್ರಿ. ಗೇರ್ ಯಾವುದ್ರಾಗ ಇರಬೇಕು ಅನ್ನೂದು ಮಾಡೆಲ್ ಮ್ಯಾಲ ಬ್ಯಾರೆ ಬ್ಯಾರೆ, ಮ್ಯಾನ್ಯುಯಲ್ ನೋಡ್ರಿ. ಪಟ್ಟಿ ಕೆಳಗಿನ ಸಣ್ಣ ಟ್ರಿಮ್ ಟ್ಯಾಬ್ ಬಿಚ್ಚೂದಿದ್ರ ಅದರ ಕೋನಕ್ಕ ಮೊದಲ ಗೀಟು ಹಾಕ್ಕೋರಿ, ಎಷ್ಟೋ ಸಲ ಅದರ ಕೆಳಗ ಒಂದು ಬೋಲ್ಟ್ ಅಡಗಿರ್ತದ. ಶಿಫ್ಟ್ ರಾಡ್ ಜೋಡಣಿ ಬಿಡಸ್ರಿ. ಬೋಲ್ಟ್ ತಗದು ಕೆಳಗಿನ ಯೂನಿಟ್ ನೆಟ್ಟಗ ಇಳಿಸ್ರಿ, ಇಬ್ಬರು ಇರ್ರಿ, ತಿರುವಬ್ಯಾಡ್ರಿ.

ಪಂಪ್ ಮುಚ್ಚಳ ಎತ್ತಿ ಇಂಪೆಲ್ಲರ್ ಎಳೀರಿ. ಒಳಗಿನ ಅರ್ಧಚಂದ್ರ ಕೀಲಿ ಬಿದ್ದು ಕಳೀತದ, ಹುಷಾರ್. ಎಸಳು ಬಾಗಿದಲ್ಲೇ ಸೆಟ್ಟಾಗ್ಯಾವೋ, ತುದಿ ಸವದಾವೋ, ಬುಡಕ್ಕ ಬಿರುಕು ಅದಾವೋ ನೋಡ್ರಿ. ಎಸಳು ಮುರದು ಕಡಿಮಿ ಇದ್ರ ಆ ತುಂಡು ಸಿಗೂತನಕ ಬಿಡಬ್ಯಾಡ್ರಿ, ಅದು ನೀರಿನ ಪೈಪಿನ್ಯಾಗೋ ಥರ್ಮೋಸ್ಟಾಟ್ ಹತ್ರನೋ ಕೂತಿರ್ತದ.

ಹೊಸಾದು ಹಾಕೂ ಮುಂದ ಸೋಪಿನ ನೀರು ಇಲ್ಲಾ ಗ್ಲಿಸರಿನ್ ಹಚ್ರಿ. ಮುಚ್ಚಳ ಒತ್ತತಾ ಡ್ರೈವ್ ಶಾಫ್ಟನ್ನ ಮ್ಯಾಲಿಂದ ನೋಡಿದ್ರ ಗಡಿಯಾರದ ದಿಕ್ಕಿಗಿ ತಿರುವ್ರಿ, ಎಸಳು ಸರಿ ಕಡಿಗಿ ಬಾಗ್ತಾವ. ಇದು ಸಾಮಾನ್ಯ ಔಟ್‌ಬೋರ್ಡ್ ಭಾಳಷ್ಟಕ್ಕ ನಡೀತದ, ಆದ್ರೂ ಮ್ಯಾನ್ಯುಯಲ್ ನೋಡ್ರಿ.

ರಕ್ಷಣಾ_ಬೋಟ್
ಎರಡು ಸೇರಿಸ್ತೀನಿ. ಇಂಪೆಲ್ಲರ್ ಒಂದನ್ನೇ ಬದಲಿಸಿ ಮುಚ್ಚಬೇಡಿ. ಸುತ್ತಲಿನ ಸ್ಟೀಲ್ ಕಪ್ ಮತ್ತು ಕೆಳಗಿನ ಪ್ಲೇಟಿಗೆ ಉಗುರು ಎಳೆದು ನೋಡಿ, ಗೀರಿನಲ್ಲಿ ಉಗುರು ಸಿಕ್ಕಿದರೆ ಅವನ್ನೂ ಬದಲಿಸಿ. ಹೊಸ ರಬ್ಬರ್ ಹಳೇ ಗೀರಿನ ಮೇಲೆ ತಿರುಗಿದರೆ ಗೀರಿನ ಮೂಲಕ ನೀರು ಹಿಂದಕ್ಕೆ ಸೋರುತ್ತೆ, ಐಡಲ್‌ನಲ್ಲಿ ಪ್ರೆಶರ್ ಬರೋದೇ ಇಲ್ಲ. ಕಡಿಮೆ ಆರ್‌ಪಿಎಂನಲ್ಲಿ ಈ ಪಂಪ್ ಎಸಳುಗಳ ನಡುವೆ ನೀರು ಹಿಡಿದು ತಳ್ಳುತ್ತೆ. ಆರ್‌ಪಿಎಂ ಏರಿದಾಗ ಎಸಳು ಗೋಡೆ ಬಿಟ್ಟು ಒಳಗೆ ಬಾಗುತ್ತೆ, ಆಗ ನೀರನ್ನು ಬೀಸಿ ಎಸೆಯೋ ಪಂಪಿನ ಹಾಗೆ ಕೆಲಸ ಮಾಡುತ್ತೆ. ಹಾಗಾಗಿ ಗೀರಿನ ದೋಷ ಮೊದಲು ಕಾಣೋದು ಐಡಲ್‌ನಲ್ಲೇ.

ಎರಡನೆಯದು, ಯೂನಿಟ್ ಮೇಲಕ್ಕೆ ಕೂರಿಸುವಾಗ ನೀರಿನ ಪೈಪು ಪಂಪಿನ ಮೇಲಿನ ರಬ್ಬರ್ ಬುಷ್ ಒಳಗೇ ಇಳಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ತಪ್ಪಿದರೆ ಹೊಸ ಪಂಪಿನ ನೀರೆಲ್ಲ ಒಳಗೇ ಚೆಲ್ಲಿ ಹೋಗುತ್ತೆ. ಡ್ರೈವ್ ಶಾಫ್ಟ್ ಹಲ್ಲಿಗೆ ಗ್ರೀಸ್ ತೆಳುವಾಗಿ ಹಚ್ಚಿ, ತುದಿಯ ಮೇಲೆ ಮಾತ್ರ ಬೇಡ. ಅಲ್ಲಿ ಗ್ರೀಸ್ ಸಿಕ್ಕಿಕೊಂಡರೆ ಶಾಫ್ಟ್ ಪೂರ್ತಿ ಕೂರದೆ ಕ್ರ್ಯಾಂಕನ್ನು ಒತ್ತುತ್ತೆ.

ಡೀಸೆಲ್_ಜಮಖಂಡಿ
ಮಧ್ಯ ಬಂದದ್ದಕ್ಕ ಸಿಟ್ಟಾಗಬ್ಯಾಡ್ರಿ. ಕಬ್ಬಿಣದ ಬೋಟಿನ್ಯಾಗ ಡೀಸೆಲ್ ಎಂಜಿನ್ ಕೂಡಿಸಿ ಪಂಪಿಂದ ಹೊಳಿ ನೀರು ಎಳದು ತಂಪು ಮಾಡೂದ್ರಾಗ, ಎಲ್ಲೂ ಸೋರಿಕಿ ಇಲ್ಲ ಆದ್ರೂ ನೀರು ಕಡಿಮಿ. ಯಾಕ?

ಪಾನಾ_ಪೆಟಗಿ_ವಿಜಯಪುರ
ಕಾಕಾರ, ಪಂಪಿನ ಹಿಂದಿನ ನಳಿಗಿ ಸೋರಿದ್ರ ಹನಿ ಹೊರಗ ಬೀಳೂದಿಲ್ಲ, ಗಾಳಿ ಒಳಗ ಹೋಗ್ತದ. ಅದಕ್ಕ ಕಣ್ಣಿಗಿ ಕಾಣೂದಿಲ್ಲ. ಪಂಪಿಗಿ ಹೋಗೋ ಕಡೆ ಗೇಣುದ್ದ ಪಾರದರ್ಶಕ ನಳಿಗಿ ಹಾಕಿ ನೋಡ್ರಿ, ಗುಳ್ಳಿ ಓಡಿದ್ರ ಗಾಳಿ ಎಳೀತದ. ಮೊದಲ ಸ್ಟ್ರೇನರ್ (ನೀರಿನ ಕಸ ಸೋಸೋ ಡಬ್ಬಿ) ಮುಚ್ಚಳದ ಪ್ಯಾಕಿಂಗ್ ನೋಡ್ರಿ, ಆಮ್ಯಾಲ ಕ್ಲಿಪ್ಪು. ಹಳೇ ರಬ್ಬರ್ ನಳಿಗಿ ಒಳಪದರ ಸಡಲಾಗಿ ಎಳತಕ್ಕ ಒಳಗ ಮುಚ್ಚಿಕೊಳ್ಳೂದೂ ಅದ. ತಂತಿ ಇರೋ ಸಕ್ಷನ್ ನಳಿಗಿನ ಹಾಕಬೇಕು.

ಡೀಸೆಲ್_ಜಮಖಂಡಿ
ಸ್ಟ್ರೇನರ್ ಪ್ಯಾಕಿಂಗ್ ಒಣಗೇತಿ. ಬದಲಸ್ತೀನಿ.

ಹಿನ್ನೀರು_ಬಾಗಲಕೋಟಿ
ಬಿಚ್ಚಿದ್ವಿ. ಎಸಳು ಎಲ್ಲಾ ಅದಾವ, ಆದ್ರ ಒಂದ ಕಡಿಗಿ ಬಾಗಿ ಬಿರುಸಾಗ್ಯಾವ. ಕಪ್ಪಿನ್ಯಾಗ ಸುತ್ತ ಗೀರು, ಉಗುರು ಸಿಗತೈತಿ. ಪೂರಾ ಕಿಟ್ ಹಾಕಿದ್ವಿ: ಇಂಪೆಲ್ಲರ್, ಕಪ್, ಪ್ಲೇಟ್, ಕೀಲಿ, ಪ್ಯಾಕಿಂಗ್. ಈಗ ಐಡಲ್‌ಗೆ 3, 5000ಕ್ಕ 15. ಇಷ್ಟ ಲಗೂನ ಕಪ್ಪು ಗೀರಾಗಾಕ ಏನ್ ಕಾರಣ?

ರಕ್ಷಣಾ_ಬೋಟ್
ರೇವೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಡದ ಹತ್ತಿರ ಎರೆಮಣ್ಣಿನ ಕೆಸರು, ಮಳೆಗಾಲದಲ್ಲಿ ಮೇಲಿಂದ ಬರೋ ಕೆಂಪು ನೀರು. ಪ್ರೊಪೆಲ್ಲರ್ ಹಿಂದೆ ನೀರು ಕದಡಿ ಮಣ್ಣಿನ ಬಣ್ಣ ಬರ್ತಿದ್ದರೆ ಜಾಲರಿ ಅದನ್ನೇ ಕುಡೀತಿದೆ ಅಂತ ಅರ್ಥ. ಅಲ್ಲಿ ಎಂಜಿನ್ ಎತ್ತಿ ಹುಟ್ಟು ಹಾಕಿ, ಇಲ್ಲ ಗಳದಿಂದ ತಳ್ಳಿಕೊಂಡು ಆಳಕ್ಕೆ ಬನ್ನಿ, ರಿವರ್ಸ್ ಅಂತೂ ಹಾಕಲೇಬೇಡಿ. ಸಿಹಿನೀರು ಅಂತ ಫ್ಲಶ್ ಬಿಡೋದು ತಪ್ಪು, ಉಪ್ಪಿಲ್ಲದಿದ್ದರೂ ಕೆಸರಿದೆ. ಕೆಸರು ನೀರಲ್ಲಿ ಓಡಿಸಿದ ದಿನ 10 ನಿಮಿಷ ಸ್ವಚ್ಛ ನೀರು ಬಿಡಿ. ಬ್ಲಾಕಿಗೆ ನೇರ ನಳಿಕೆ ಹಾಕೋ ಫ್ಲಶ್ ಪೋರ್ಟ್ ಬಳಸಿದರೆ ಎಂಜಿನ್ ಬಂದ್ ಇರಲಿ. ಅಲ್ಲಿಂದ ಬಿಟ್ಟ ನೀರು ಪಂಪಿಗೆ ಸಾಕಷ್ಟು ಹೋಗಲ್ಲ, ಚಾಲು ಮಾಡಿದರೆ ರಬ್ಬರ್ ಒಣಗಿ ಸುಡುತ್ತೆ.

ತಯಾರಕರು ವರ್ಷಕ್ಕೊಮ್ಮೆ ಅಂತ ಬರೆದಿದ್ದರೂ ಇಲ್ಲಿನ ನೀರಿಗೆ 100 ಗಂಟೆಗೊಮ್ಮೆ ಬಿಚ್ಚಿ ನೋಡೋದು ಒಳ್ಳೇದು.

ಅಂಜಲಿ_ಬೆಳಗಾವಿ
ಎಂಜಿನ್ ತಿಂಗಳುಗಟ್ಟಲೆ ನಿಂತಿದ್ದು, ಚಾಲು ಮಾಡಿದಾಗ ಟೆಲ್‌ಟೇಲ್ ನೀರೇ ಬರದಿದ್ದರೆ? ಪ್ರೆಶರ್ ಗೇಜ್ ಮಾತ್ರ ಸರಿ ತೋರಿಸ್ತಿದ್ದರೆ?

ಘಟಪ್ರಭಾ_ಮೋಟರ್
ಕುಂಬಾರ ಹುಳ ನೋಡ್ರೀ ಅಕ್ಕಾರ. ಆ ತೂತಿನ್ಯಾಗ ಮಣ್ಣಿನ ಗೂಡು ಕಟ್ಟತಾವ, ಅವಕ್ಕ ಅಳತಿ ಸರಿ ಹೊಂದತೈತಿ. ತಂತಿ ಹಾಕಬ್ಯಾಡ್ರಿ, ಪೈಪ್ ತೂತ ಬೀಳತೈತಿ. ದಪ್ಪ ನೈಲಾನ್ ಗಾಳದ ದಾರ ಹಾಕಿ ಆಡಸ್ರಿ. ನಿಲ್ಲಿಸೋ ಮುಂದ ಸಣ್ಣ ಚಿಂದಿ ತುರುಕಿ, ಕೆಂಪು ರಿಬ್ಬನ್ ಕಟ್ರಿ, ಚಾಲೂ ಮಾಡೋ ಮುಂದ ನೆನಪಾಗ್ಲಿ.

ಕೃಷ್ಣಾ_ತೀರ
ಅಲಾರ್ಮ್ ಹೊಡದಾಗ ಏನ್ ಮಾಡಬೇಕು, ಬಂದ್ ಮಾಡೂದೋ ಐಡಲ್‌ಗೆ ಬಿಡೂದೋ? ಒಬ್ಬೊಬ್ರು ಒಂದೊಂದು ಹೇಳ್ತಾರ.

ರಕ್ಷಣಾ_ಬೋಟ್
ಮೊದಲು ಐಡಲ್‌ಗೆ ಇಳಿಸಿ, ಟೆಲ್‌ಟೇಲ್ ನೋಡಿ. ನೀರು ಬರ್ತಿದ್ದರೆ ಒಂದೆರಡು ನಿಮಿಷ ಐಡಲ್‌ನಲ್ಲೇ ಬಿಡಿ, ಹರಿಯೋ ನೀರೇ ಶಾಖ ಒಯ್ಯುತ್ತೆ. ನೀರು ಇಲ್ಲದಿದ್ದರೆ ತಕ್ಷಣ ಬಂದ್ ಮಾಡಿ, ಎಂಜಿನ್ ಎತ್ತಿ ಜಾಲರಿ ಬಿಡಿಸಿ. ಹರಿವಿನಲ್ಲಿದ್ದರೆ ಬಂದ್ ಮಾಡೋ ಮುಂಚೆ ಲಂಗರು ಇಲ್ಲ ಹುಟ್ಟು ಕೈಯಲ್ಲಿರಲಿ. ಬಿಸಿ ಹೆಡ್ ಮೇಲೆ ತಣ್ಣೀರು ಸುರಿಯಬೇಡಿ, ಸೊಟ್ಟಾಗಿ ಗ್ಯಾಸ್ಕೆಟ್ ಬಿಡುತ್ತೆ. ಅರ್ಧ ಗಂಟೆ ಆರಲಿ.

ಫೋರ್ ಸ್ಟ್ರೋಕ್ ಆದರೆ ಮತ್ತೆ ಚಾಲು ಮಾಡೋ ಮುಂಚೆ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ, ಚಾಲು ಮಾಡಲೇಬೇಡಿ.

ಹಿನ್ನೀರು_ಬಾಗಲಕೋಟಿ
ಒಂದ ಕೊನೀ ಪ್ರಶ್ನಿ. ಹಳೇ ಇಂಪೆಲ್ಲರ್ ಸ್ಪೇರ್ ಅಂತ ಬೋಟಿನ್ಯಾಗ ಇಟ್ಕೋಬಹುದಾ?

ಪಾನಾ_ಪೆಟಗಿ_ವಿಜಯಪುರ
ಬಾಗಿ ಬಿರುಸಾಗಿದ್ದು ಬ್ಯಾಡ್ರಿ. ಹೊಸಾದ ಒಂದು, ಕೀಲಿ ಎರಡು, ಪ್ಯಾಕಿಂಗ್ ಒಂದು, 10 ಮತ್ತ 12ರ ಪಾನಾ, ಬಿಸಿಲು ಬೀಳದ ಡಬ್ಬಿಯಾಗ ಇಡ್ರಿ. ಬಿಸಿಲಿಗಿ ರಬ್ಬರ್ ಬಿರುಸಾಗ್ತದ. ಕೀಲಿ ಎರಡು ಯಾಕಂದ್ರ ಒಂದು ನೀರಾಗ ಬೀಳೂದ ಹೆಚ್ಚು.